ಉಪ್ಪುಕಾಗದ ಕಿತ್ತುಕೊಂಡ ಹಿರಿಯರಿಗೆ

ಮಡಿಕೇರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಆ ದಿನ ಸಿಕ್ಕ ಹಿರಿಯರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಕ್ಷಮಿಸಿ.

ಅಜ್ಜ ಸೈನ್ಯದಿಂದ ಬರುವಾಗ ತಂದ ವೆಬ್ಲಿ ಅನ್ನೋ ಬ್ರಿಟಿಷ್ ಕಂಪನಿಯ ರಿವಾಲ್ವರ್‌ಗೆ ತುಕ್ಕು ಹಿಡಿದಿತ್ತು. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮೊದಲು ಫಳಫಳ ಮಾಡಿಬಿಡೋಣ ಅಂತ ನಾನು ಉಪ್ಪುಕಾಗದ ಕೊಳ್ಳುತ್ತಿದ್ದೆ. 'ಯಾತಕ್ಕೆ?' ಅಂದಿರಿ. ಹೇಳಿದೆ. ಕಾಗದ ಕಿತ್ತು ಕೌಂಟರ್ ಮೇಲಿಟ್ಟಿರಿ! ಸೈನ್ಯದಲ್ಲಿ ಆಯುಧ ರಿಪೇರಿ ಮಾಡುತ್ತಿದ್ದವರು ನೀವು ಅಂತ ಆಮೇಲೆ ಗೊತ್ತಾಯಿತು.

ನೀವು ಮನೆಗೇ ಬಂದಿರಿ. ಮೊದಲು ರಿವಾಲ್ವರ್‌ನ ನಳಿಗೆಯನ್ನು ಕೆಳಕ್ಕೆ ಮಡಚಿ ತೆರೆದು, ಗುಂಡು ಹಾಕುವ ಆರೂ ಗೂಡು ಖಾಲಿ ಇದೆಯೇ ಅಂತ ಎರಡು ಸಲ ನೋಡಿದಿರಿ. ತೆಳು ಎಣ್ಣೆ ಸವರಿ, ಒಂದು ರಾತ್ರಿ ಬಿಟ್ಟು, ಹತ್ತಿ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದಿರಿ. ಕಪ್ಪು ಬಣ್ಣ ಉಜ್ಜಿ ತೆಗೆದರೆ ಮತ್ತೆ ಬರಲ್ಲ, ಮುದ್ರೆಗಳೂ ಅಳಿಸುತ್ತವೆ ಅಂದಿರಿ. ತುಕ್ಕಿನಡಿ ಅದು ತಯಾರಾದ ವರ್ಷ, 1917 ಅನ್ನೋ ಅಂಕಿ ಕಂಡಾಗ ನನ್ನ ಅಮ್ಮ ಅತ್ತೇಬಿಟ್ಟರು.

ತಪ್ಪು ನಮ್ಮದೇ. ಇಷ್ಟು ವರ್ಷ ಚರ್ಮದ ಚೀಲದಲ್ಲೇ ಇಟ್ಟಿದ್ದೆವು. ಚರ್ಮ ತೇವ ಹೀರುತ್ತದೆ, ಕೊಡಗಿನ ಮಳೆಗಾಲದಲ್ಲಂತೂ ಕೇಳಲೇಬೇಡಿ. ಈಗ ಚೀಲ ಬೇರೆ, ರಿವಾಲ್ವರ್ ಬೇರೆ. ಬೀಗ ಹಾಕಿದ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣವೂ ಇದೆ. ಮುಟ್ಟಿದ ಮೇಲೆ ಬೆವರಿನ ಗುರುತು ಒರೆಸುತ್ತೇವೆ.

ದುಡ್ಡು ಕೊಟ್ಟರೆ ಬೈದಿರಿ, ಕಾಫಿ ಮಾತ್ರ ಎರಡು ಲೋಟ ಕುಡಿದಿರಿ. ಈ ಸೆಪ್ಟೆಂಬರ್‌ನ ಹಬ್ಬದಲ್ಲಿ ರಿವಾಲ್ವರ್‌ಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆಗಿಟ್ಟೆವು. ತುಂಬಾ ಥ್ಯಾಂಕ್ಸ್. ಇದನ್ನು ಓದಿದರೆ ಮತ್ತೆ ಬನ್ನಿ, ಕಾಫಿ ಕಾಯುತ್ತಿದೆ.