ಉಲುರು ಹತ್ತಲು ಬಿಡದಿರುವುದು ನಷ್ಟವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಆಸ್ಟ್ರೇಲಿಯಾ ಪ್ರವಾಸದ ಲೇಖನ ಓದಿದೆ. ಒಪೆರಾ ಹೌಸ್, ಗ್ರೇಟ್ ಓಷನ್ ರೋಡ್, ಕಾಂಗರೂಗಳ ವರ್ಣನೆ ಚೆನ್ನಾಗಿದೆ. ಆದರೆ ಅಷ್ಟು ದೂರ ಹೋದರೂ ಆ ದೇಶದ ನಡುಮಧ್ಯದ ಮರುಭೂಮಿಯಲ್ಲಿರುವ ಉಲುರು ಎಂಬ ಬೃಹತ್ ಬಂಡೆಯನ್ನು ಈಗ ಹತ್ತಲು ಬಿಡುವುದಿಲ್ಲ ಎಂದು ಲೇಖಕರು ಬೇಸರಪಟ್ಟುಕೊಂಡಿದ್ದಾರೆ. ಆ ಮಾತಿಗೆ ನನ್ನ ತಕರಾರಿದೆ.

ಹತ್ತುವುದು ನಿಂತಿದ್ದು 2019ರ ಅಕ್ಟೋಬರ್ 26ರಂದು. 1985ರಲ್ಲಿ ಅದೇ ದಿನ ಸರ್ಕಾರ ಆ ನೆಲದ ಒಡೆತನವನ್ನು ಅಲ್ಲಿನ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿ ಕೊಟ್ಟಿತ್ತು. ಈಗ ಬಂಡೆ ಇರುವ ರಾಷ್ಟ್ರೀಯ ಉದ್ಯಾನದ ಆಡಳಿತ ಮಂಡಳಿಯಲ್ಲಿ ಅವರದೇ ಬಹುಮತ. ದಯವಿಟ್ಟು ಹತ್ತಬೇಡಿ ಎಂದು ಅವರು ವರ್ಷಗಟ್ಟಲೆ ಕೇಳಿಕೊಳ್ಳುತ್ತಲೇ ಇದ್ದರು, ಜನ ಹತ್ತುತ್ತಲೇ ಇದ್ದರು. ಅವರ ಪೂರ್ವಜರ ಕಥೆ, ಬದುಕಿನ ಕಟ್ಟಳೆ ಎಲ್ಲವೂ ಆ ಕಲ್ಲಿನಲ್ಲೇ ಇವೆ ಎಂದು ನಂಬುವವರು ಅವರು. ನಮ್ಮೂರ ದೇವಸ್ಥಾನದ ಗೋಪುರ ಹತ್ತಿ ಫೋಟೊ ತೆಗೆಸಿಕೊಳ್ಳಲು ನಾವು ಯಾರನ್ನಾದರೂ ಬಿಡುತ್ತೇವೆಯೇ? ಬಂಡೆಯ ಸುತ್ತ ಹತ್ತು ಕಿಲೋಮೀಟರಿಗೂ ತುಸು ಹೆಚ್ಚಿನ ಕಾಲುದಾರಿಯಿದೆ. ಪ್ರದಕ್ಷಿಣೆ ಹಾಕಿ ರೂಢಿಯಿರುವ ನಮಗೆ ಅದರ ಮಹತ್ವವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಲೇಖನದಲ್ಲಿ ಪೂರ್ತಿ ಬಿಟ್ಟುಹೋಗಿರುವುದು ಬಂಡೆಯ ಸಮೀಪದಲ್ಲೇ ಇರುವ ಸಾಂಸ್ಕೃತಿಕ ಕೇಂದ್ರ. 1995ರಲ್ಲಿ ತೆರೆದ ಈ ಮಣ್ಣಿಟ್ಟಿಗೆಯ ಕಟ್ಟಡ ಎರಡು ಹಾವುಗಳ ಹಾಗೆ ಬಳುಕಿ ನಿಂತಿದೆ. ಒಂದು ಕುನಿಯಾ ಎಂಬ ಹೆಬ್ಬಾವು, ಇನ್ನೊಂದು ಲಿರು ಎಂಬ ವಿಷದ ಹಾವು. ತನ್ನ ಸೋದರಳಿಯನನ್ನು ಲಿರುಗಳು ಕೊಂದರೆಂದು ಕುನಿಯಾ ಹೆಣ್ಣು ಸಿಟ್ಟಿನಿಂದ ಕಾದಾಡಿದ ಕಥೆ ಅದು. ಆ ಕಾಳಗದ ಗುರುತುಗಳನ್ನು ಬಂಡೆಯ ಮೈಮೇಲೆ ಇಂದಿಗೂ ತೋರಿಸುತ್ತಾರೆ. ಕೇಂದ್ರದ ಒಳಗೆ, ಬಂಡೆಯ ಸುತ್ತ ಕೆಲವು ಜಾಗಗಳಲ್ಲಿ ಫೋಟೊ ತೆಗೆಯುವಂತಿಲ್ಲ. ಮೊದಲು ಇಲ್ಲಿ ಕೂತು ಕಥೆ ಕೇಳಿ, ಆಮೇಲೆ ಬಂಡೆಯ ಬಳಿ ಹೋದರೆ ಪ್ರತಿ ಬಿರುಕೂ ಮಾತಾಡುತ್ತದೆ.

ಉಲುರು ದೂರ, ಖರ್ಚೂ ಹೆಚ್ಚು ನಿಜ. ನಮ್ಮ ಕಡೆಯಿಂದ ಹೋಗುವವರಲ್ಲಿ ಬಹಳ ಜನ ಮಗನ ಮನೆ, ಮಗಳ ಬಾಣಂತನ ಎಂದು ಮೆಲ್ಬರ್ನ್, ಸಿಡ್ನಿಗಳಲ್ಲಿ ಕೆಲವು ತಿಂಗಳು ಇದ್ದು ಬರುವವರು. ನಾನೂ ಹಾಗೆ ಹೋದವಳೇ. ಮೆಲ್ಬರ್ನ್‌ನಲ್ಲಿ ಫ್ಲಿಂಡರ್ಸ್ ಸ್ಟ್ರೀಟ್ ರೈಲು ನಿಲ್ದಾಣದ ಎದುರಿಗೆ ನಿಂತು ಫೋಟೊ ತೆಗೆಸಿಕೊಳ್ಳದವರಿಲ್ಲ. ಅಲ್ಲೇ ರಸ್ತೆಯಾಚೆಗಿನ ಫೆಡರೇಷನ್ ಸ್ಕ್ವೇರ್‌ನಲ್ಲಿ ಕೂರಿ ಹೆರಿಟೇಜ್ ಟ್ರಸ್ಟ್ ಇದೆ. ಕೂರಿ ಎಂದರೆ ಆಗ್ನೇಯ ಆಸ್ಟ್ರೇಲಿಯಾದ ಮೂಲನಿವಾಸಿಗಳು. 1985ರಲ್ಲಿ ಶುರುವಾದ, ಮೂಲನಿವಾಸಿಗಳೇ ನಡೆಸುವ ಸಂಸ್ಥೆ, ಪ್ರವೇಶ ಉಚಿತ. ಇನ್ನೊಂದು, ಮೆಲ್ಬರ್ನ್ ಮ್ಯೂಸಿಯಂ ಒಳಗಿನ ಬುಂಜಿಲಾಕ ಎಂಬ ಮೂಲನಿವಾಸಿ ಸಂಸ್ಕೃತಿ ಕೇಂದ್ರ. ಆ ಮ್ಯೂಸಿಯಂಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಡೈನೋಸಾರ್ ನೋಡಿಕೊಂಡು ಬಂದುಬಿಡುತ್ತೇವೆ.

ಆ ಮ್ಯೂಸಿಯಂ ಸಂಗ್ರಹದಲ್ಲಿ ಅದೇ ವಿಕ್ಟೋರಿಯಾ ರಾಜ್ಯದ ಲೇಕ್ ಕೊಂಡಾ ಕಡೆಯ ಗುಂಡಿಚ್‌ಮಾರ ಎಂಬ ಮೂಲನಿವಾಸಿ ಜನರ ಒಂದು ಹೊದಿಕೆಯಿದೆ, 1872ರದು. ಪೊಸ್ಸಮ್ ಎಂಬ ಮರವಾಸಿ ಪ್ರಾಣಿಯ ಚರ್ಮಗಳನ್ನು ಒಂದಕ್ಕೊಂದು ಸೇರಿಸಿ ಹೊಲಿದದ್ದು. ತುಪ್ಪಳ ಒಂದು ಮೈಗೆ, ಇನ್ನೊಂದು ಮೈಯ ತೊಗಲಿನ ಮೇಲೆ ಗೀರಿದ ಗೆರೆಗಳು. ಇಂಥ ಹೊದಿಕೆಗಳ ಮೇಲಿನ ಗೆರೆಗಳಲ್ಲಿ ಕುಲದ, ನೆಲದ ಗುರುತುಗಳಿರುತ್ತಿದ್ದವು. ಕೂಸನ್ನು ಸುತ್ತುತ್ತಿದ್ದದ್ದು ಇದರಲ್ಲಿ, ಸತ್ತಾಗ ಮಣ್ಣಿಗೆ ಇಡುತ್ತಿದ್ದದ್ದೂ ಇದರಲ್ಲೇ. ಬಿಳಿಯರ ಆಡಳಿತ ಬಂದು ಸರ್ಕಾರಿ ಕಂಬಳಿ ಹಂಚತೊಡಗಿದ ಮೇಲೆ ಈ ಕಸುಬು ಹೆಚ್ಚುಕಡಿಮೆ ನಿಂತೇ ಹೋಗಿತ್ತು. 1990ರ ದಶಕದ ಕೊನೆಗೆ ಮೂಲನಿವಾಸಿ ಕಲಾವಿದೆಯರು ಈ ಹಳೆಯ ಹೊದಿಕೆಯನ್ನು ಕಣ್ಣಾರೆ ಕಂಡು, ಅದರಂತೆಯೇ ಹೊಸದನ್ನು ಹೊಲಿಯಲು ಕೂತರು. 2006ರ ಮೆಲ್ಬರ್ನ್ ಕಾಮನ್‌ವೆಲ್ತ್ ಕ್ರೀಡಾಕೂಟದ ಉದ್ಘಾಟನೆಗೆ ಬೇರೆ ಬೇರೆ ಸಮುದಾಯಗಳ ಹಿರಿಯರು ಹೊಸ ಹೊದಿಕೆ ಹೊದ್ದು ಬಂದರು. ಮ್ಯೂಸಿಯಂ ಎಂದರೆ ಸತ್ತ ವಸ್ತುಗಳ ಉಗ್ರಾಣ ಎನ್ನುವವರು ಇದನ್ನೊಮ್ಮೆ ನೋಡಬೇಕು.

ಕ್ಯಾನ್‌ಬೆರಾಕ್ಕೆ ಹೋಗುವವರು ಅಲ್ಲಿನ ರಾಷ್ಟ್ರೀಯ ಕಲಾ ಗ್ಯಾಲರಿಯನ್ನು ತಪ್ಪಿಸಬಾರದು. ಅಲ್ಲಿ ಬಣ್ಣ ಬಳಿದ 200 ಪೊಳ್ಳು ಮರದ ಕಂಬಗಳು ನಿಂತಿವೆ. ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್‌ನಲ್ಲಿ ಸತ್ತವರ ಮೂಳೆಗಳನ್ನು ಇಂಥ ಪೊಳ್ಳು ಕಾಂಡದಲ್ಲಿ ಇಡುವ ಪದ್ಧತಿ. ಬ್ರಿಟಿಷರು ನೆಲೆಯೂರಿ 200 ವರ್ಷವಾಯಿತೆಂದು 1988ರಲ್ಲಿ ದೇಶವೆಲ್ಲ ಉತ್ಸವ ಆಚರಿಸುತ್ತಿದ್ದಾಗ, ಆರ್ನೆಮ್ ಲ್ಯಾಂಡಿನ ರಾಮಿಂಗಿನಿಂಗ್ ಸುತ್ತಮುತ್ತಲ 43 ಕಲಾವಿದರು ಆ 200 ವರ್ಷಗಳಿಗೆ ವರ್ಷಕ್ಕೊಂದರ ಲೆಕ್ಕದಲ್ಲಿ ಈ ಕಂಬಗಳನ್ನು ಮಾಡಿಕೊಟ್ಟರು. ತಮ್ಮ ನೆಲಕ್ಕಾಗಿ ಪ್ರಾಣ ಬಿಟ್ಟ, ಯಾರೂ ಅಂತ್ಯಸಂಸ್ಕಾರ ಮಾಡದ ತಮ್ಮವರಿಗಾಗಿ. ನಡುವೆ ಆ ಕಡೆಯ ಗ್ಲೈಡ್ ನದಿಯ ಹರಿವಿನಂತೆ ದಾರಿ ಬಿಟ್ಟಿದ್ದಾರೆ, ಅದರೊಳಗೆ ನಡೆಯಬಹುದು. ಯುದ್ಧ ಸ್ಮಾರಕ ನೋಡಲು ಬರುವ ಪ್ರತಿಯೊಬ್ಬರೂ ಈ ಸ್ಮಾರಕವನ್ನೂ ನೋಡಬೇಕೆಂಬುದು ನನ್ನ ಆಸೆ.

ಖರೀದಿಯ ವಿಷಯವನ್ನೂ ಹೇಳಲೇಬೇಕು. ನಂಟರಿಗೆ ಹಂಚಲೆಂದು ಚುಕ್ಕಿ ಚಿತ್ರದ ಬೂಮರಾಂಗ್, ಕೀ ಚೈನು ತರುತ್ತೇವಲ್ಲ, ಅಂಥ ಸ್ಮರಣಿಕೆಗಳಿಗೆ ಜನ ಸುರಿಯುವ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ನಕಲಿ ಮಾಲಿಗೆ ಹೋಗುತ್ತಿದೆ ಎಂದು ಆ ದೇಶದ ಸರ್ಕಾರಿ ಆಯೋಗವೇ 2022ರ ವರದಿಯಲ್ಲಿ ಹೇಳಿದೆ. ಅದರಿಂದ ಯಾವ ಮೂಲನಿವಾಸಿ ಕಲಾವಿದರಿಗೂ ಬಿಡಿಗಾಸು ಸೇರುವುದಿಲ್ಲ. ಕೊಳ್ಳುವ ಮುಂಚೆ ಮಾಡಿದವರ ಹೆಸರೇನು, ಯಾವ ಊರಿನವರು ಎಂದು ಕೇಳಿ. ಉತ್ತರ ಸಿಗದಿದ್ದರೆ ಅಲ್ಲೇ ಇಟ್ಟು ಬನ್ನಿ. ಉಲುರು ಕೇಂದ್ರದಲ್ಲಿರುವ ಮಾರುಕು ಮಳಿಗೆ ಕಲಾವಿದರದೇ. ಕಾಯಿಸಿದ ತಂತಿಯಿಂದ ಸುಟ್ಟು ಗೆರೆ ಮೂಡಿಸಿದ ಪುಟ್ಟ ಮರದ ಹಲ್ಲಿ, ಹಾವುಗಳು ಅಲ್ಲಿ ಸಿಗುತ್ತವೆ. ಮಧ್ಯ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ಪಪುನ್ಯಾ ತುಲಾ ಗ್ಯಾಲರಿಯಿದೆ. ಪಶ್ಚಿಮ ಮರುಭೂಮಿಯ ಚಿತ್ರಕಾರರು 1972ರಲ್ಲಿ ಕಟ್ಟಿಕೊಂಡ ಸ್ವಂತ ಕಂಪನಿ ಅದು.

ಬೆಂಗಳೂರಿನಿಂದ ಗುಂಪು ಪ್ರವಾಸ ಏರ್ಪಡಿಸುವವರ ಕಾರ್ಯಕ್ರಮಪಟ್ಟಿಯಲ್ಲಿ ಶಾಪಿಂಗ್‌ಗೆಂದೇ ಅರ್ಧ ದಿನ ಇರುತ್ತದೆ. ಅದರಲ್ಲಿ ಎರಡು ಗಂಟೆ ಇಂಥ ಒಂದು ಕೇಂದ್ರಕ್ಕೆ ಕೊಟ್ಟರೆ ಯಾರಿಗೂ ಹೊರೆಯಾಗದು. ತಾವೂ ಪ್ರವಾಸ ಲೇಖನದ ಕೊನೆಗೆ ಹಾಕುವ ‘ನೋಡಲೇಬೇಕಾದ ತಾಣಗಳು’ ಎಂಬ ಚೌಕದಲ್ಲಿ ಇವುಗಳ ಹೆಸರು, ತೆರೆದಿರುವ ವೇಳೆಯನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ಶಿಕ್ಷಕಿ, ಶಿವಮೊಗ್ಗ