ಯಾವ ಮುಖ ಹೊತ್ತು ಬರಲಿ ಅಂದೆಯಲ್ಲ

ಚಿ. ಸಹನಾಳಿಗೆ ಮಾವನ ಆಶೀರ್ವಾದಗಳು.

ಐಐಎಂನಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿದ್ದು, ನೀನು ಕೆಲಸ ಬಿಡುವುದು, ನಿಮ್ಮಪ್ಪನ ಸಿಟ್ಟು, ಎಲ್ಲ ಫೋನಿನಲ್ಲೇ ಆಗಿದೆ. ಮತ್ತೆ ಬೇಡ. ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಅದು ಮೂರು ದಿನದಿಂದ ನಿದ್ದೆ ಕೆಡಿಸಿದೆ. 'ಐದು ವರ್ಷ ಓದಿಯೂ ಮುಗಿಸೋಕೆ ಆಗದಿದ್ರೆ ಯಾವ ಮುಖ ಹೊತ್ತು ಊರಿಗೆ ಬರಲಿ ಮಾವ?'

ಮೊದಲು ಕೋಪ ಬಂತು. ನನ್ನನ್ನು ಚುಚ್ಚೋಕೇ ಬರೆದಳೇನೋ ಅನಿಸಿತು. ಪಿಎಚ್‌ಡಿ ಮುಗಿಸದೆ ಇದೇ ಊರಲ್ಲಿ ಓಡಾಡಿಕೊಂಡಿರುವವನು ನಾನೇ ಅಲ್ವಾ? ಆಮೇಲೆ ತಿಳಿಯಿತು, ನಿನಗೆ ನಿಜವಾಗಿಯೂ ಹೆದರಿಕೆಯಾಗಿದೆ.

1991ರಲ್ಲಿ ನಾನು ನೋಂದಣಿ ಮಾಡಿಸಿದ್ದು. ಅಡಿಕೆ ಬೆಳೆಗಾರರು ಸಹಕಾರಿ ಸಂಘ ಬಿಟ್ಟು ಖಾಸಗಿ ವ್ಯಾಪಾರಿಗಳ ಮಂಡಿಗೆ ಯಾಕೆ ಹೋಗುತ್ತಾರೆ ಅನ್ನುವುದು ವಿಷಯ. (ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಶುರುವಾಗಿದ್ದು 1973ರಲ್ಲಿ. ನಿಮ್ಮ ಬೆಂಗಳೂರು ಐಐಎಂ ಕೂಡ ಅದೇ ವರ್ಷದ್ದು. ಸುಮ್ನೆ ನೆನಪಾಯಿತು.) ಸೈಕ್ಲೋಸ್ಟೈಲ್ ಮಾಡಿಸಿದ ಪ್ರಶ್ನಾವಳಿ ಹಿಡಿದು ತೋಟ ತೋಟ ಅಲೆದೆ. ವರ್ಷದ ಆದಾಯ ಎಷ್ಟು ಅಂತ ಕೇಳಿದರೆ 'ನೀವೇ ಏನಾದ್ರೂ ಬರ್ಕೊಳಿ ಮೇಷ್ಟ್ರೇ' ಅನ್ನುತ್ತಿದ್ದರು. ಅಡಿಕೆ ಬೇಯಿಸುತ್ತಿದ್ದ ಒಬ್ಬರು ಕೆಂಪು ಚೊಗರು ಮೆತ್ತಿದ ಕೈಯಲ್ಲೇ ಹಾಳೆ ಹಿಡಿದು ಹೇಳಿದರು: 'ಮಗಳ ಮದುವೆಗೆ ದುಡ್ಡು ಬೇಕು ಅಂತ ರಾತ್ರಿ ಬಾಗಿಲು ತಟ್ಟಿದ್ರೂ ಮಂಡಿ ಸಾಹುಕಾರ ಕೊಡ್ತಾನೆ. ಸಂಘದಲ್ಲಿ ಮೀಟಿಂಗ್ ಆಗ್ಬೇಕು.' ನನ್ನ ಇಡೀ ಪ್ರಬಂಧ ಆ ಮಾತಿನಲ್ಲೇ ಇತ್ತು. ಹಾಳೆಯ ಮೇಲೆ ಅವರ ಹೆಬ್ಬೆರಳಿನ ಕೆಂಪು ಗುರುತು ಇನ್ನೂ ಇದೆ.

ಗೈಡ್ ರಿಟೈರ್ ಆದರು, ಅದಕ್ಕೇ ನಿಂತುಹೋಯಿತು ಅಂತ ಮನೆಯಲ್ಲಿ ಹೇಳಿದ್ದೆ. ಸುಳ್ಳು. ಮೊದಲ ಅಧ್ಯಾಯ ಬರೆದೆ, ನನಗೇ ಹಿಡಿಸಲಿಲ್ಲ. ಚೆನ್ನಾಗಿ ತಿದ್ದಿ ತೋರಿಸೋಣ ಅಂತ ಇಟ್ಟುಕೊಂಡೆ. ಆರು ತಿಂಗಳಾಯಿತು, ವರ್ಷವಾಯಿತು. ಬರಿಗೈಲಿ ಗೈಡ್ ಎದುರು ಹೋಗಲು ನಾಚಿಕೆ. ಅವರ ಮನೆ ಇದ್ದ ರಸ್ತೆ ಬಿಟ್ಟು ಕೆರೆ ಏರಿ ಮೇಲೆ ಸುತ್ತಿ ಕಾಲೇಜಿಗೆ ಹೋಗುತ್ತಿದ್ದೆ. ಅವರು ಬೈದವರೇ ಅಲ್ಲ. 'ಆಯ್ತೇನಪ್ಪಾ?' ಅಂತ ಎರಡು ಸಲ ಹೇಳಿಕಳಿಸಿದ್ದರು, ಅಷ್ಟೇ.

ಮುಖ ತೋರಿಸುವ ಚಿಂತೆ ಮುಗಿಸದೆ ಬಂದಾಗ ಶುರುವಾಗುತ್ತದೆ ಅಂತಿದ್ದೀಯ ನೀನು. ನನಗೆ ಅದು ಮೊದಲೇ ಶುರುವಾಗಿತ್ತು. ಮುಗಿಯದೆ ಹೋದದ್ದೇ ಅದರಿಂದ.

ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಆದರೂ, ಕೆಟ್ಟದಾಗಿ ಬರೆದಿದ್ದನ್ನು ಕೆಟ್ಟದಾಗಿರುವಾಗಲೇ ತೋರಿಸು. ವಿಷಯಕ್ಕಿಂತ ಗೈಡನ್ನು ನೋಡಿ ಆರಿಸಿಕೋ. ಅವರ ಹಳೆಯ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು ಕಾಫಿ ಕುಡಿಸಿ ಕೇಳು, ಎಷ್ಟು ಜನ ಮುಗಿಸಿದರು, ಎಷ್ಟು ಜನ ಬಿಟ್ಟರು ಅಂತ. ಬಿಟ್ಟವರು ಸಿಕ್ಕರೆ ಇನ್ನೂ ಒಳ್ಳೆಯದು. ದುಡ್ಡು ತೆಗೆದುಕೊಂಡು ವಾರದಲ್ಲಿ ಲೇಖನ ಅಚ್ಚು ಹಾಕುವ ಜರ್ನಲ್‌ಗಳ ಹತ್ತಿರ ಸುಳಿಯಬೇಡ. ನಿನಗೆ ಗೊತ್ತಿರುತ್ತದೆ ಬಿಡು.

ಇನ್ನೊಂದು. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿ ಮುಗಿಸಲು ಹೆಚ್ಚೆಂದರೆ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಎರಡು, ಹೆಣ್ಣುಮಕ್ಕಳಿಗೆ ಮತ್ತೆರಡು ಅಂತ ಇದೆ. ನಿಮ್ಮ ಸಂಸ್ಥೆಯ ಲೆಕ್ಕ ಬೇರೆಯಿದ್ದೀತು, ಸೇರುವ ಮೊದಲೇ ವಿಚಾರಿಸು. ಐದಕ್ಕೇ ಮುಗಿಯಬೇಕು ಅಂತ ನಿನ್ನ ತಲೆಗೆ ಹಾಕಿದವರು ಯಾರು? ನಿಮ್ಮಪ್ಪನಾ?

ಹಬ್ಬಕ್ಕೆ ಬಾ. ಅಟ್ಟದ ಮೇಲಿನ ಟ್ರಂಕ್ ಇಳಿಸೋಣ, ನನ್ನ ಆ ಹಾಳೆಗಳಲ್ಲಿ ಗೆದ್ದಲು ತಿಂದು ಉಳಿದದ್ದನ್ನು ನೋಡುವಿಯಂತೆ. ಬೀಗದ ಕೈ ನಿಮ್ಮತ್ತೆ ಹತ್ತಿರ ಇದೆ. ಗೈಡ್ ವಿಷಯ ಅವಳಿಗೆ ಇನ್ನೂ ಹೇಳಿಲ್ಲ. ನೀನು ಬಾಯಿ ಬಿಡಬೇಡ, ನಾನೇ ಹೇಳುತ್ತೇನೆ.

ಇಂತಿ,
ನಿನ್ನ ಮಾವ