ಸಿಲಬಸ್‌ನ ಆಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಇಂಟರ್ನಲ್ಸ್ ಚೆನ್ನಾಗಿ ಆಯಿತು ಅಂತ ತಿಳಿದು ಖುಷಿಯಾಯಿತು. ಆದರೆ "ಸಿಲಬಸ್ ಮುಗಿಸೋದೇ ಕಷ್ಟ, ಹೊರಗಿನದ್ದು ಕಲಿಯೋಕೆ ಪುರುಸೊತ್ತೆಲ್ಲಿ" ಅಂದೆಯಲ್ಲ, ಅದಕ್ಕೆ ಉತ್ತರ ಬರೆಯದೆ ಇರಲಾಗಲಿಲ್ಲ.

ಸಿಲಬಸ್ ಬಿಡು ಅನ್ನುತ್ತಿಲ್ಲ. ಐದೂ ಮಾಡ್ಯೂಲ್ ಓದು, ಯಾವ ಸಬ್ಜೆಕ್ಟನ್ನೂ ಬ್ಯಾಕ್ ಉಳಿಸಿಕೊಳ್ಳಬೇಡ. ಆದರೆ ಮೂರು ಗಂಟೆಯ ಪೇಪರಿನಲ್ಲಿ ಕೇಳಲಾಗದ ಸಂಗತಿಗಳೇ ನಮ್ಮ ಎಲೆಕ್ಟ್ರಾನಿಕ್ಸ್ ಕಸುಬಿನಲ್ಲಿ ಹೆಚ್ಚು. ಪುಸ್ತಕದ ಸರ್ಕ್ಯೂಟಿನಲ್ಲಿ 5 ವೋಲ್ಟ್ ಅಂದರೆ ಸದಾ 5 ವೋಲ್ಟ್. ಬೆಸುಗೆಯಿಲ್ಲದೆ ತಂತಿ ಚುಚ್ಚಿ ಸರ್ಕ್ಯೂಟ್ ಕಟ್ಟುವ ಬ್ರೆಡ್‌ಬೋರ್ಡಿನಲ್ಲಿ ಅದೇ ಸಪ್ಲೈನಿಂದ ಒಂದು ಪುಟ್ಟ ಡಿಸಿ ಮೋಟಾರ್ ಓಡಿಸಿ ನೋಡು. ಶುರುವಾಗುವ ಕ್ಷಣದಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಅದೇ ಸಪ್ಲೈಗೆ ಕಟ್ಟಿದ ಮೈಕ್ರೋಕಂಟ್ರೋಲರ್, ಅಂದರೆ ನಿನ್ನ ಕೋಡ್ ಓಡಿಸುವ ಚಿಪ್, ರೀಸೆಟ್ ಆಗುತ್ತದೆ. ನೀನು ರಾತ್ರಿಯೆಲ್ಲ ಕೋಡಿನಲ್ಲಿ ತಪ್ಪು ಹುಡುಕುತ್ತ ಕೂತಿರುತ್ತೀಯ!

ಇದಕ್ಕೆ ಪರಿಹಾರ ಇದೆ. ಮೋಟಾರಿಗೆ ಬೇರೆ ಸಪ್ಲೈ ಕೊಡು, ಎರಡೂ ಸಪ್ಲೈಗಳ ಗ್ರೌಂಡ್ (ಸೊನ್ನೆ ವೋಲ್ಟಿನ ತಂತಿ) ಮಾತ್ರ ಸೇರಿಸು. ಚಿಪ್ಪಿನ ಸಪ್ಲೈ ಪಿನ್ನಿನ ಪಕ್ಕದಲ್ಲೇ, ಮೈಮೇಲೆ '104' ಅಂತಿರುವ ಸೆರಾಮಿಕ್ ಕೆಪಾಸಿಟರ್ ಹಾಕು, ಚಾರ್ಜ್ ಕೂಡಿಟ್ಟುಕೊಂಡು ಬೇಕಾದಾಗ ಥಟ್ಟನೆ ಕೊಡುತ್ತದೆ. 10ರ ಮುಂದೆ ನಾಲ್ಕು ಸೊನ್ನೆ, ಅಷ್ಟು ಪಿಕೋಫ್ಯಾರಡ್, ಅಂದರೆ 0.1 ಮೈಕ್ರೋಫ್ಯಾರಡ್. ಪಕ್ಕದಲ್ಲೇ ಯಾಕಿರಬೇಕು? ತಂತಿ ಉದ್ದವಾದಷ್ಟೂ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ) ಜಾಸ್ತಿ, ಚಿಪ್ ಕೇಳಿದ ಕೂಡಲೇ ಕರೆಂಟ್ ಬರುವುದಿಲ್ಲ. ಪರೀಕ್ಷೆಗೆ ಉರು ಹೊಡೆದ 'ಎಲ್ ಡಿಐ ಬೈ ಡಿಟಿ', ಅಂದರೆ ಇಂಡಕ್ಟೆನ್ಸ್ ಗುಣಿಸು ಕರೆಂಟ್ ಬದಲಾಗುವ ವೇಗ ಅನ್ನುವ ಸೂತ್ರ, ಇದೇ ಕಣೋ. ಹೊರಗಿನದ್ದು ಕಲಿಯಲು ಹೋದರೆ ಒಳಗಿನದ್ದೂ ಹೀಗೆ ಗಟ್ಟಿಯಾಗುತ್ತದೆ.

ಚಿಪ್ಪಿನ ಬಗ್ಗೆ ತಯಾರಕರೇ ಕೊಡುವ ವಿವರಪತ್ರ, ಅಂದರೆ ಡೇಟಾಶೀಟ್ ಓದುವ ಅಭ್ಯಾಸವನ್ನಂತೂ ಈಗಲೇ ಮಾಡಿಕೋ. ಕಲಿಯುವವರು ಬಳಸುವ ಮೈಕ್ರೋಕಂಟ್ರೋಲರ್ ಬೋರ್ಡ್ ಆರ್ಡುಯಿನೋ ಊನೋ ಆರ್3ಯಲ್ಲಿರುವ ಎಟಿಮೆಗಾ328ಪಿ ಚಿಪ್ಪಿನದ್ದನ್ನೇ ತೆಗೆದುಕೋ. ಒಂದು ಪಿನ್ನಿಗೆ ಗರಿಷ್ಠ 40 ಮಿಲಿಆಂಪ್ ಅಂತಿದೆ. ಅದು ದಾಟಬಾರದ ಗೆರೆ, ದಿನಾ ಬಳಸುವ ಅಳತೆಯಲ್ಲ. ಮೋಟಾರನ್ನು ನೇರ ಪಿನ್ನಿಗೆ ಯಾಕೆ ಕಟ್ಟಬಾರದು ಅನ್ನುವುದು ಆ ಒಂದು ಸಾಲಿನಲ್ಲೇ ಸಿಗುತ್ತದೆ.

ಪಾಠ ಬೇಕೆಂದರೆ ಐಐಟಿಗಳೂ ನಮ್ಮ ಐಐಎಸ್‌ಸಿಯೂ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟೆಲ್ ಇದೆ, ಕೇಳಲು ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟ್ ಗುಡ್ಡೆ ಹಾಕುವುದಕ್ಕಂತೂ ಹೋಗಬೇಡ. ನಿನ್ನ ಕೆಲಸ ಎಲ್ಲಿ ನಿಂತಿದೆಯೋ ಅದಕ್ಕೆ ಬೇಕಾದ ಒಂದೆರಡು ಪಾಠ ಕೇಳಿ, ಮತ್ತೆ ಬ್ರೆಡ್‌ಬೋರ್ಡಿಗೆ ಬಾ. ಭಾನುವಾರದ ಎರಡು ಗಂಟೆ ಇದಕ್ಕೆ ಸಾಕು.

ಸೆಮ್ ರಜೆಯಲ್ಲಿ ಬೆಂಗಳೂರಿಗೆ ಬಾ, ಎಲೆಕ್ಟ್ರಾನಿಕ್ಸ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋಗೋಣ. ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ. ಯೋಚಿಸಿ, ಬೇಕಾದ ಸಾಮಾನಿನ ಪಟ್ಟಿ ನೀನೇ ಬರೆದುಕೊಂಡು ಬಾ.

ನಿನ್ನ ಗೆಳೆಯ